ನಿಮಗೂ ಇನ್ನ ಸಾಲಿ ಐತೇನ್ರೀ?

ವಿಜಯಪುರದಲ್ಲಿ ಮನೋವೈದ್ಯೆಯಾಗಿರುವ ನನ್ನ ದವಾಖಾನೆಯ ಬಾಗಿಲಿಗೆ ವರ್ಷಕ್ಕೆ ಒಂದೆರಡು ಸಲ ಒಂದು ಹಾಳೆ ಅಂಟಿಕೊಳ್ಳುತ್ತದೆ: ‘ಶುಕ್ರವಾರದಿಂದ ರವಿವಾರದವರೆಗೆ ಡಾಕ್ಟರು ಊರಲ್ಲಿ ಇರುವುದಿಲ್ಲ.’ ಕಾರಣ ಬರೆಯಬೇಡವೆಂದು ಹೇಳಿದ್ದರೂ ನಮ್ಮ ಕಂಪೌಂಡರ್ ಒಮ್ಮೆ ಅದರ ಕೆಳಗೆ ‘ಕಾನ್ಫರೆನ್ಸ್ ನಿಮಿತ್ತ’ ಎಂದು ಸೇರಿಸಿಬಿಟ್ಟಿದ್ದ. ಸಿಂದಗಿ ಕಡೆಯ ಹಳ್ಳಿಯೊಂದರಿಂದ ಮಗನನ್ನು ಕರೆದುಕೊಂಡು ಬರುವ ತಾಯಿಯೊಬ್ಬರು ಅದರ ಅರ್ಥವೇನೆಂದು ಕೇಳಿದರು. ನಮ್ಮಂಥ ಡಾಕ್ಟರುಗಳೆಲ್ಲ ಒಂದು ಊರಿನಲ್ಲಿ ಸೇರಿ ಹೊಸ ವಿಷಯ ತಿಳಿದುಕೊಳ್ಳುತ್ತೇವೆ ಎಂದು ವಿವರಿಸಿದೆ. ‘ಅಂದ್ರ ನಿಮಗೂ ಇನ್ನ ಸಾಲಿ ಐತೇನ್ರೀ ಬಾಯಾರ?’ ಎಂದರು. ಆ ಮಾತಿನಲ್ಲಿ ಅಚ್ಚರಿಯ ಜೊತೆಗೆ ತುಸು ಅನುಮಾನವೂ ಇತ್ತು. ಇಷ್ಟು ವರ್ಷ ಓದಿಯೂ ಇವರ ಸಾಲಿ ಮುಗಿದಿಲ್ಲವೆಂದರೆ ನನ್ನ ಮಗನಿಗೆ ಬರೆದುಕೊಟ್ಟ ಗುಳಿಗೆಯ ಗತಿಯೇನು ಎಂಬ ಅನುಮಾನ ಅದು.

ಅನುಮಾನ ಹಾಗಿರಲಿ, ಅವರ ಪ್ರಶ್ನೆಯ ಹಿಂದೆ ಇನ್ನೊಂದು ನ್ಯಾಯವಾದ ಮಾತಿದೆ. ಎರಡು ಬಸ್ಸು ಬದಲಿಸಿ, ಇಬ್ಬರ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಬಾಗಿಲಲ್ಲಿ ಚೀಟಿ ಕಂಡರೆ ಹೇಗಾಗಬೇಕು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಒಂದೊಂದು ಕಾಯಿಲೆಯಲ್ಲಿ ಒಂದೊಂದು ರೀತಿಯಾಗಿ ನೂರಕ್ಕೆ 70ರಿಂದ 92ರವರೆಗೆ ಇದೆ. ಇಂಥ ಬರಗಾಲದಲ್ಲಿ ಇರುವ ಕೆಲವೇ ವೈದ್ಯರು ಮೂರು ದಿನ ಬಾಗಿಲು ಹಾಕಿಕೊಂಡು ಹೋಗುವುದಾದರೆ ಅದಕ್ಕೆ ತಕ್ಕ ಕಾರಣ ಇರಬೇಕು.

ಬಹಳ ವರ್ಷ ನಾನೂ ಈ ತಾಯಿಯ ಪಕ್ಷದವಳೇ ಆಗಿದ್ದೆ. ಮಕ್ಕಳು ಸಣ್ಣವರಿದ್ದಾಗ ಒಂಬತ್ತು ವರ್ಷ ಒಂದು ಸಮ್ಮೇಳನಕ್ಕೂ ಹೋಗಿರಲಿಲ್ಲ. (ಮೊಲೆ ಕುಡಿಯುವ ಕೂಸನ್ನು ಎತ್ತಿಕೊಂಡು ಬಂದ ವೈದ್ಯೆ ಎಲ್ಲಿ ಕೂಡಬೇಕೆಂದು ಯೋಚಿಸಿದ ಸಂಘಟಕರು ನನಗೆ ಇನ್ನೂ ಸಿಕ್ಕಿಲ್ಲ.) 2020ರ ಲಾಕ್‌ಡೌನಿನಲ್ಲಿ ಉಪನ್ಯಾಸಗಳೆಲ್ಲ ಫೋನಿನೊಳಕ್ಕೆ ಬಂದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ತಾಸು ಮುಂದುವರಿದ ಶಿಕ್ಷಣ ಪಡೆಯಬೇಕೆಂಬ ನಿಯಮವಿದೆ. ಆ ತಾಸುಗಳಲ್ಲಿ ಒಂದಿಷ್ಟನ್ನು ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿ ಮುಗಿಸಿದ್ದೇನೆ. ಇದನ್ನು ಹಗುರಾಗಿ ಕಾಣುವುದೂ ತಪ್ಪು. ನಿಮ್ಹಾನ್ಸಿನಂಥ ಸಂಸ್ಥೆ ಆನ್‌ಲೈನ್ ತರಬೇತಿ ನಡೆಸುವುದರಿಂದ ತಾಲೂಕು ಆಸ್ಪತ್ರೆಯ ವೈದ್ಯರು, ನರ್ಸುಗಳು, ಆಪ್ತಸಮಾಲೋಚಕರು ಬೆಂಗಳೂರಿನ ಖರ್ಚಿಲ್ಲದೆ ಎಷ್ಟೋ ಕಲಿತಿದ್ದಾರೆ. ಒಂದು ಔಷಧದ ಪ್ರಮಾಣ, ಹೊಸ ಕಾಯ್ದೆಯ ಒಂದು ಕಲಮು, ಒಂದು ಪ್ರಶ್ನಾವಳಿಯ ಬಳಕೆ, ಇಂಥವನ್ನು ತಿಳಿಯಲು ಯಾರೂ ಬಸ್ಸು ಹತ್ತಬೇಕಾಗಿಲ್ಲ. ಈಗಲೂ ನಾನು ಇದೇ ಮಾತು ಹೇಳುತ್ತೇನೆ.

ನನ್ನ ಅಭಿಪ್ರಾಯ ಬದಲಾದದ್ದು ಒಬ್ಬ ರೋಗಿ ತೀರಿಕೊಂಡ ಮೇಲೆ.

ಆತ ತರುಣ. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ, ಉಳಿದವುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಎರಡು ವಾರ ಆಸ್ಪತ್ರೆಯಲ್ಲಿದ್ದು, ಸುಧಾರಿಸಿಕೊಂಡು, ನಗುತ್ತ ಕೈಮುಗಿದು ಮನೆಗೆ ಹೋದವನು ಮತ್ತೆ ಬರಲಿಲ್ಲ. ಮನೆಯಲ್ಲೇ ಆತ್ಮಹತ್ಯೆ ಮಾಡಿಕೊಂಡನೆಂಬ ಸುದ್ದಿಯನ್ನು ಅವನ ಕಾಕಾ ಫೋನಿನಲ್ಲಿ ತಿಳಿಸಿದರು. ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ. ‘ನೀವೂ ಭಾಳ ಮಾಡಿದ್ರಿ ಬಾಯಾರ, ನಮ್ಮ ದೈವದಾಗ ಇರಲಿಲ್ಲ’ ಎಂದರು. ಅವರು ಬೈದಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಶಸ್ತ್ರಚಿಕಿತ್ಸೆಯ ಟೇಬಲ್ಲಿನ ಮೇಲೆ ರೋಗಿ ತೀರಿಕೊಂಡರೆ ಅಲ್ಲಿ ಸರ್ಜನ್ ಇರುತ್ತಾರೆ, ಅರಿವಳಿಕೆಯವರಿರುತ್ತಾರೆ, ನರ್ಸುಗಳಿರುತ್ತಾರೆ. ಎಲ್ಲರೂ ಒಟ್ಟಿಗೆ ಕೈತೊಳೆದು ಹೊರಗೆ ಬರುತ್ತಾರೆ. ನಮ್ಮ ಕೋಣೆಯಲ್ಲಿ ಇರುವುದು ಎರಡು ಕುರ್ಚಿ. ಒಂದು ಖಾಲಿಯಾದ ಮೇಲೆ ಅಲ್ಲಿ ನಡೆದ ಮಾತು ಗೊತ್ತಿರುವವರು ಒಬ್ಬರೇ ಉಳಿಯುತ್ತಾರೆ. ಅವರ ಬಾಯಿಗೂ ಬೀಗ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಮು ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಕಾಯ್ದೆ ಬರುವ ಮೊದಲೂ ನಮ್ಮ ವೃತ್ತಿಯ ನಡವಳಿಕೆ ಅದೇ ಆಗಿತ್ತು. ವಿಜಯಪುರದಂಥ ಊರಿನಲ್ಲಿ ಇಂಥ ಓಣಿಯ ಹುಡುಗ ಎಂದರೆ ಸಾಕು, ಮನೆತನ, ಅಡ್ಡಹೆಸರು, ಸೋದರಮಾವನ ಊರು ಎಲ್ಲವೂ ತಾವಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಗಂಡನಿಗೆ ಹೇಳಲಿಲ್ಲ, ಅಕ್ಕನಿಗೆ ಹೇಳಲಿಲ್ಲ. ಎಂಟು ತಿಂಗಳು ಎಂದಿನಂತೆ ರೋಗಿಗಳನ್ನು ನೋಡಿದೆ. ಯಾರಾದರೂ ನಗುತ್ತ ಕೈಮುಗಿದು ಹೊರಟರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಆ ನಡುವೆ ಆತ್ಮಹತ್ಯೆ ತಡೆಯ ಕುರಿತು ಒಂದು ಆನ್‌ಲೈನ್ ಉಪನ್ಯಾಸ ಕೇಳಿದೆ. ಒಳ್ಳೆಯ ಉಪನ್ಯಾಸ. ಕೊನೆಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದರು. ‘ನನ್ನ ರೋಗಿಯೊಬ್ಬ’ ಎಂದು ಎರಡು ಪದ ಟೈಪ್ ಮಾಡಿದೆ. ಪರದೆಯ ಮೇಲೆ ನೂರಕ್ಕೂ ಮಿಕ್ಕಿದ ಹೆಸರುಗಳಿದ್ದವು, ಮುಖಗಳಿರಲಿಲ್ಲ. ಮೂಲೆಯಲ್ಲಿ ರೆಕಾರ್ಡಿಂಗ್ ನಡೆದಿದೆ ಎಂಬ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಬರೆದದ್ದನ್ನು ಅಳಿಸಿ, ಧನ್ಯವಾದ ಎಂದು ಬರೆದು ಹೊರಗೆ ಬಂದೆ.

ಬೆಳಗಾವಿಯ ಸಮ್ಮೇಳನಕ್ಕೆ ಹೋದದ್ದು ಇದಾದ ಕೆಲವು ವಾರಗಳ ಮೇಲೆ, ಅದೂ ಸಹಪಾಠಿಯೊಬ್ಬಳು ನನಗೆ ಹೇಳದೆ ನನ್ನ ಹೆಸರು ನೋಂದಾಯಿಸಿದ್ದರಿಂದ. ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ ದಾಟಿ ಬಸ್ಸಿನಲ್ಲಿ ಕುಳಿತುಹೋಗುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಉದ್ಘಾಟನೆ ತಡವಾಯಿತು. ವೇದಿಕೆಯ ಮೇಲೆ ಶಾಲು ಹೊದಿಸಿದವರ ಸಂಖ್ಯೆ ಕೆಳಗೆ ಎಚ್ಚರಿದ್ದವರ ಸಂಖ್ಯೆಗಿಂತ ಹೆಚ್ಚಾಯಿತೇನೋ ಎನ್ನಿಸಿತು. ಮಧ್ಯಾಹ್ನದ ಗೋಷ್ಠಿಯಲ್ಲಿ ಆತ್ಮಹತ್ಯೆಯ ಅಪಾಯವನ್ನು ಅಂದಾಜು ಮಾಡುವ ಕ್ರಮದ ಬಗ್ಗೆ ಮಾತಾಡುತ್ತಿದ್ದರು. ನಾನು ನಡುವೆ ಎದ್ದು ಹೊರಗೆ ಬಂದು, ಚಹಾ ತೆಗೆದುಕೊಂಡು ಸಭಾಂಗಣದ ಹಿಂದಿನ ಪಾವಟಿಗೆಯ ಮೇಲೆ ಕುಳಿತೆ.

ಸ್ವಲ್ಪ ಹೊತ್ತಿಗೆ ಧಾರವಾಡ ಸೀಮೆಯ ಹಿರಿಯ ಮನೋವೈದ್ಯರೊಬ್ಬರು ತಮ್ಮ ಕಪ್ಪು ಹಿಡಿದು ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತರು. ಅವರ ಪರಿಚಯ ನನಗೆ ಅಷ್ಟಾಗಿ ಇರಲಿಲ್ಲ. ‘ಒಳಗ ನೀವು ಸ್ಲೈಡ್ ನೋಡಲಿಲ್ಲರಿ ಮೇಡಂ, ಬಾಗಲಾ ನೋಡಾಕತ್ತಿದ್ರಿ’ ಎಂದರು. ನಾನು ಸುಮ್ಮನಿದ್ದೆ. ‘ಯಾವಾಗ ಆತು?’ ಎಂದು ಕೇಳಿದರು.

ಏನು ಎಂದು ಕೇಳಲಿಲ್ಲ, ಯಾವಾಗ ಎಂದು ಕೇಳಿದರು. ನಾನು ಹೇಳಿದೆ. ಹೆಸರು, ಊರು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೇಳಿದೆ. ಕಪ್ಪಿನಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ನನ್ನ ಮಾತು ಮುಗಿದ ಮೇಲೆ ಅವರು, ‘ನಂದು ಮೂವತ್ತೊಂದು ವರ್ಷ ಆತು. ಆಕಿ ಕಡೇ ಸಲ ಬಂದಾಗ ನಾ ಬರದ ಚೀಟಿ ಇವತ್ತೂ ಓದಿ ಹೇಳತೀನಿ’ ಎಂದರು.

ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಮನೋವೈದ್ಯರಲ್ಲಿ ನೂರಕ್ಕೆ 51 ಮಂದಿ ತಮ್ಮ ರೋಗಿಯೊಬ್ಬರನ್ನಾದರೂ ಆತ್ಮಹತ್ಯೆಯಿಂದ ಕಳೆದುಕೊಂಡವರಾಗಿದ್ದರು. ಮನಶ್ಶಾಸ್ತ್ರಜ್ಞರಲ್ಲಿ ಆ ಪ್ರಮಾಣ 22 ಇತ್ತು. ಸ್ನಾತಕೋತ್ತರ ಪರೀಕ್ಷೆಗೆ ಓದುವಾಗಲೇ ಈ ಅಂಕಿ ನನಗೆ ಬಾಯಿಪಾಠವಾಗಿತ್ತು. ಆದರೂ ಎಂಟು ತಿಂಗಳು ಇಡೀ ಕರ್ನಾಟಕದಲ್ಲಿ ಹೀಗಾದದ್ದು ನನಗೊಬ್ಬಳಿಗೇ ಎಂದು ನಂಬಿಕೊಂಡು ತಿರುಗಿದ್ದೆ.

ಅವರು ಸಮಾಧಾನ ಹೇಳಿ ಎದ್ದುಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ವಿಚಾರಣೆ ಮಾಡಿದರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮತ್ತೆ ಯಾವಾಗ ಬರಲು ಹೇಳಿದ್ದಿರಿ ಎಂದು ಕೇಳಿದರು. ಒಂದು ತಿಂಗಳಿಗೆ ಎಂದೆ. ತೋಟದಲ್ಲಿ ದ್ರಾಕ್ಷಿ ಕಟಾವು ಇದೆ, ಪದೇ ಪದೇ ಬರಲಾಗದು ಎಂದು ಮನೆಯವರು ಕೇಳಿಕೊಂಡಿದ್ದರು. ‘ಅದು ತಪ್ಪರಿ’ ಎಂದರು, ಮುಖ ತಿರುಗಿಸದೆ. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದವು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆ ದಿನ ಅವನ ನಗುವನ್ನು ನೋಡಿ ಅದನ್ನು ಬದಿಗಿಟ್ಟಿದ್ದೆ. ಆಮೇಲೆ ಅವರು ಔಷಧದ ಬಗ್ಗೆ ಕೇಳಿದರು. ಬೇರೆ ಗುಳಿಗೆ ಕೊಟ್ಟಿದ್ದರೆ ಉಳಿಯುತ್ತಿದ್ದನೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾನು ಎಷ್ಟೋ ರಾತ್ರಿ ಕಳೆದಿದ್ದೆ. ಒಂದೊಂದಾಗಿ ಪ್ರಮಾಣ, ದಿನಾಂಕ ಕೇಳಿ, ‘ಅದ್ರಾಗ ಏನೂ ಇಲ್ಲ, ನಾನೂ ಅದನ್ನ ಬರೀತಿದ್ದೆ’ ಎಂದರು. ನನ್ನ ಅಪರಾಧವೆಂದು ನಾನು ತಿಳಿದದ್ದು ಬೇರೆ, ನಿಜವಾದ ಲೋಪ ಬೇರೆ. ಎರಡನ್ನೂ ನನ್ನ ತಲೆಯೊಳಗೇ ಕುಳಿತು ಬಿಡಿಸುವುದು ನನ್ನಿಂದ ಆಗಿರಲಿಲ್ಲ. ಅದೇ ಕೆಲಸ ಮಾಡುವ ಇನ್ನೊಬ್ಬರ ಕಣ್ಣು ಬೇಕಾಯಿತು. ಆ ಕಣ್ಣು ನನ್ನ ಊರಿನದಾಗಿರಬಾರದಿತ್ತು, ನನ್ನ ಅಧಿಕಾರಿಯದೂ ಆಗಿರಬಾರದಿತ್ತು.

ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಸಾಮಾನ್ಯ ವೈದ್ಯರನ್ನು ಕೂಡಿಸಿ, ತಮ್ಮನ್ನು ಕಾಡುವ ರೋಗಿಗಳ ಬಗ್ಗೆ ಮಾತಾಡಲು ಹಚ್ಚುತ್ತಿದ್ದರು. ಅವರ ಹೆಸರಿನಲ್ಲೇ ಇಂಥ ಗುಂಪುಗಳು ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತವೆ. ಒಬ್ಬರಿಂದ ಒಬ್ಬರು ನೂರಾರು ಕಿಲೋಮೀಟರ್ ದೂರದಲ್ಲಿ ಕೆಲಸ ಮಾಡುವ ನಮಗೆ ವಾರವಾರ ಕೂಡುವ ಭಾಗ್ಯವಿಲ್ಲ. ವರ್ಷಕ್ಕೊಮ್ಮೆ ಸಭಾಂಗಣದ ಹಿಂದಿನ ಪಾವಟಿಗೆ ನಮಗೆ ಆ ಕೆಲಸ ಮಾಡಿಕೊಡುತ್ತದೆ, ಕಾರ್ಯಕ್ರಮ ಪಟ್ಟಿಯಲ್ಲಿ ಅದರ ಹೆಸರು ಇಲ್ಲದಿದ್ದರೂ.

ಊರಿಗೆ ಮರಳಿದ ಮೇಲೆ ಮಾಡಿದ್ದು ಇಷ್ಟು: ಆಸ್ಪತ್ರೆಯಿಂದ ಬಿಟ್ಟ ಪ್ರತಿಯೊಬ್ಬರೂ ಏಳು ದಿನದೊಳಗೆ ಒಮ್ಮೆ ಬರಬೇಕು, ಬರದಿದ್ದರೆ ಎಂಟನೆಯ ದಿನ ಕಂಪೌಂಡರ್ ಫೋನ್ ಮಾಡಬೇಕು. ಚೀಟಿಯ ಮೇಲ್ತುದಿಯಲ್ಲಿ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲು ರಾತ್ರಿ ದೊರೆಯುತ್ತದೆ. ನಾನು ಊರಲ್ಲಿ ಇಲ್ಲದ ಮೂರು ದಿನ ಬಾಗಿಲಿನ ಚೀಟಿಯ ಮೇಲೆ ಈ ಸಂಖ್ಯೆಯೂ, ನನ್ನ ಬದಲಿಗೆ ರೋಗಿಗಳನ್ನು ನೋಡಲು ಒಪ್ಪಿದ ಸಹೋದ್ಯೋಗಿಯ ವಿಳಾಸವೂ ಇರುತ್ತವೆ.

ಅದೇ ಸಮ್ಮೇಳನದ ಊಟದ ಸಾಲಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಗೋಷ್ಠಿಗಳೆಲ್ಲ ಇಂಗ್ಲಿಷಿನಲ್ಲಿ, ತಟ್ಟೆ ಕೈಗೆ ಬಂದ ಕೂಡಲೇ ಕನ್ನಡ. ಮೈಸೂರು ಕಡೆಯಿಂದ ನಮ್ಮ ಭಾಗಕ್ಕೆ ಹೊಸದಾಗಿ ಬಂದಿದ್ದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು, ಇಲ್ಲಿಯ ಹೆಂಗಸರು ಬಂದು ಕುಳಿತವರೇ ಬೇಸರ ಬೇಸರ ಎನ್ನುತ್ತಾರೆ, ಟಿವಿ ನೋಡಿ, ಯಾರ ಜೊತೆಗಾದರೂ ಮಾತಾಡಿ ಎಂದು ಹೇಳಿ ಕಳಿಸುತ್ತೇನೆ ಎಂದರು. ನಮ್ಮ ಸಾಲಿನಲ್ಲಿದ್ದ ಮೂರ್ನಾಲ್ಕು ಜನ ಒಮ್ಮೆಲೆ ತಿರುಗಿ ನೋಡಿದೆವು. ‘ಬ್ಯಾಸರಾಗೈತಿ’ ಎಂಬುದು ಹೊತ್ತು ಹೋಗದ ಮಾತು ಇದ್ದೀತು. ‘ಜೀವಕ್ಕ ಬ್ಯಾಸರಾಗೈತಿ’ ಎಂದರೆ ಹಾಗಲ್ಲ. ಆ ಮಾತು ಕಿವಿಗೆ ಬಿದ್ದರೆ ಬಾಗಿಲು ಮುಂದೆ ಮಾಡಿ, ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಬೇಕು. ‘ತಲಿ ಕೆಟ್ಟೈತಿ’ ಎಂದವರಿಗೆ ಬಹಳ ಸಲ ಸಿಟ್ಟು ಬಂದಿರುತ್ತದೆ, ಅಷ್ಟೇ. ‘ತಲಿ ಭಣಭಣ ಅಂತೈತಿ’, ‘ಕೈಕಾಲ ಹರದಂಗ ಆಗ್ತಾವ’ ಎನ್ನುವವರು ಎಷ್ಟೋ ಸ್ಕ್ಯಾನಿಂಗ್ ಮುಗಿಸಿ ಕೊನೆಗೆ ನಮ್ಮ ಬಳಿ ಬಂದಿರುತ್ತಾರೆ. ಪ್ರಶ್ನಾವಳಿಗಳಲ್ಲಿ ಅಚ್ಚಾಗುವ ‘ಖಿನ್ನತೆ’ ಎಂಬ ಪದವನ್ನು ನನ್ನ ಮುಂದೆ ಕುಳಿತ ಯಾವ ರೈತನೂ ತಾನಾಗಿ ಆಡಿದ್ದನ್ನು ನಾನು ಕೇಳಿಲ್ಲ. ಆ ಸೈಕಾಲಜಿಸ್ಟ್ ತಟ್ಟೆಯನ್ನು ಬದಿಗಿಟ್ಟು, ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಈ ಮಾತುಗಳನ್ನೆಲ್ಲ ಬರೆದುಕೊಂಡರು. ಮುಂದೆ ಕರಾವಳಿಯವರೊಬ್ಬರು ತಮ್ಮ ಕಡೆಯ ಮಾತುಗಳನ್ನು ಸೇರಿಸಿದರು; ಕುಂದಾ ಬಡಿಸುವವನು ನಮ್ಮನ್ನು ಮುಂದಕ್ಕೆ ಸರಿಯಿರಿ ಎಂದು ಗದರಿದ.

ಇದೇ ಸಾಲಿನಲ್ಲಿ ಕಾಯ್ದೆಯ ಮಾತೂ ಬಂತು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೊದಲು ಭಾವಿಸಬೇಕು ಎನ್ನುತ್ತದೆ. ಹಾಗಿದ್ದರೂ ಪೊಲೀಸರ ಹೆದರಿಕೆಗೆ ‘(ಬೆಳೆಗೆ ಹೊಡೆಯುವ) ಔಷಧದ ಬಾಟ್ಲಿ ಅಂತ ಗೊತ್ತಾಗಲಿಲ್ಲರಿ’ ಎಂದು ಸುಳ್ಳು ಹೇಳುವ ಮನೆಯವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಅವರಿಗೆ ಮೊದಲ ಐದು ನಿಮಿಷದಲ್ಲಿ ಯಾವ ಮಾತು ಹೇಳಿದರೆ ನಿಜ ಹೊರಬರುತ್ತದೆ ಎಂಬುದನ್ನು ಒಬ್ಬೊಬ್ಬರೂ ಒಂದೊಂದು ರೀತಿ ಹೇಳಿದರು. ಅದರಲ್ಲಿ ಎರಡನ್ನು ನಾನು ಈಗಲೂ ಬಳಸುತ್ತೇನೆ.

ಎರಡನೆಯ ದಿನ ಪೋಸ್ಟರುಗಳ ಮುಂದೆ ಅಡ್ಡಾಡುವಾಗ, ಕಲಬುರಗಿ ಕಡೆಯ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಯಾರೂ ನೋಡದ ತನ್ನ ಪೋಸ್ಟರಿನ ಪಕ್ಕದಲ್ಲಿ ನಿಂತಿದ್ದಳು. ಬೇಸಿಗೆಯಲ್ಲಿ ಲಿಥಿಯಂ ವಿಷವಾಗುವುದರ ಬಗ್ಗೆ ಅವಳ ಬರಹ. ಮನಸ್ಸು ಕೆಲಕಾಲ ಅತಿಯಾಗಿ ಉಬ್ಬಿ, ಕೆಲಕಾಲ ತೀರ ಕುಗ್ಗುವ ಬೈಪೋಲಾರ್ ಕಾಯಿಲೆಗೆ ಕೊಡುವ ಈ ಔಷಧ ರಕ್ತದಲ್ಲಿ ಇರಬೇಕಾದ ಮಟ್ಟಕ್ಕೂ ಅಪಾಯದ ಮಟ್ಟಕ್ಕೂ ಅಂತರ ಬಹಳ ಕಡಿಮೆ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೆವರಿ ನೀರಡಿಸಿದರೆ ಅದು ಏರುತ್ತದೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸೇರಿದರೆ ಇನ್ನಷ್ಟು ಏರುತ್ತದೆ. ನಡುಕ, ಭೇದಿ, ತೊದಲು, ಓಲಾಡುವ ನಡಿಗೆ ಕಂಡುಬರುತ್ತವೆ. ಇದೆಲ್ಲ ಪುಸ್ತಕದಲ್ಲಿ ಇದೆ. ಆದರೆ ನಮ್ಮ ಭಾಗದಲ್ಲಿ ದಿನವಿಡೀ ದುಡಿದವರು ಸಂಜೆ ಊರಲ್ಲೇ ಒಂದು ನೋವಿನ ಸೂಜಿ ಮಾಡಿಸಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ, ಅದನ್ನು ಅವರು ಔಷಧವೆಂದೇ ಎಣಿಸುವುದಿಲ್ಲ. ‘ಬೇರೆ ಔಷಧ ತಗೊಂಡಿದ್ದೀರಾ’ ಎಂದರೆ ಇಲ್ಲ ಎನ್ನುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳ ಗಂಡ ‘ಕುಡದವರಂಗ ತೊದಲತಾಳ್ರಿ’ ಎಂದಾಗ, ಸೂಜಿಯ ಮಾತು ಹೊರಬೀಳಲು ನನಗೆ ಒಂದು ದಿನ ಹಿಡಿದಿತ್ತು. ಇದನ್ನು ಹೇಳಿದೆ. ಆ ಹುಡುಗಿ ತಮ್ಮ ವಿಭಾಗದಲ್ಲಿ ಅದಕ್ಕೊಂದು ರಬ್ಬರ್ ಸ್ಟಾಂಪ್ ಮಾಡಿಸಿದ್ದೇವೆ ಎಂದಳು, ನನ್ನ ಬ್ಯಾಡ್ಜನ್ನು ತಿರುಗಿಸಿ ಅದರ ಬೆನ್ನಿಗೆ ಬರೆದು ತೋರಿಸಿದಳು: ‘ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಬೇಕು. ನೋವಿನ ಸೂಜಿ, ಗುಳಿಗೆಗೆ ಮುಂಚೆ ಫೋನ್ ಮಾಡಬೇಕು.’ ಊರಿಗೆ ಬಂದು ಮೊದಲು ಮಾಡಿಸಿದ್ದು ಆ ಸ್ಟಾಂಪ್. ಲಿಥಿಯಂ ಬರೆದ ಪ್ರತಿ ಚೀಟಿಯ ಮೇಲೆ ಈಗ ಅದರ ನೀಲಿ ಅಚ್ಚು ಬೀಳುತ್ತದೆ.

ಎಲ್ಲ ಸಮ್ಮೇಳನಗಳೂ ಹೀಗೆ ಫಲ ಕೊಡುತ್ತವೆ ಎಂದರೆ ಸುಳ್ಳಾಗುತ್ತದೆ. ದೊಡ್ಡ ನಗರವೊಂದರ ತಾರಾ ಹೋಟೆಲಿನಲ್ಲಿ ನಡೆದ ಒಂದಕ್ಕೆ ಹೋಗಿ, ಏಕಕಾಲಕ್ಕೆ ನಡೆಯುವ ಐದು ಗೋಷ್ಠಿಗಳ ನಡುವೆ ಓಡಾಡಿ, ಮೂರು ಹೊತ್ತೂ ಫೋನ್ ನೋಡುತ್ತ ಒಬ್ಬಳೇ ಉಂಡು, ಔಷಧ ಕಂಪನಿಗಳ ಹೆಸರಿದ್ದ ನಾಲ್ಕು ಚೀಲ ಹೊತ್ತು ವಾಪಸಾಗಿದ್ದೇನೆ. ಔಷಧ ಮಾರುವವರ ದುಡ್ಡಿನಲ್ಲಿ ಉಂಡು ಅವರ ಔಷಧದ ಗುಣದೋಷ ಚರ್ಚಿಸುವುದು ನನಗೆ ಇವತ್ತಿಗೂ ಮುಜುಗರ ತರುತ್ತದೆ. ನೋಂದಣಿ ಶುಲ್ಕ ಸ್ವಲ್ಪ ಹೆಚ್ಚಾದರೂ ಊಟ ಸಾದಾ ಇರಲಿ ಎಂಬುದು ನನ್ನ ಮತ. ಇನ್ನೂ ದೊಡ್ಡ ಕೊರತೆಯೆಂದರೆ, ರೋಗಿಯ ಮನೆಬಾಗಿಲಿಗೆ ಹೋಗುವ ಮನೋಸಾಮಾಜಿಕ ಕಾರ್ಯಕರ್ತರು, ರಾತ್ರಿ ವಾರ್ಡಿನಲ್ಲಿರುವ ನರ್ಸುಗಳು ಅಲ್ಲಿ ಕಾಣುವುದೇ ಅಪರೂಪ. ಅವರಿಗೆ ರಜೆ ಸಿಗುವುದಿಲ್ಲ, ಶುಲ್ಕ ಕಟ್ಟುವವರಿಲ್ಲ, ಕಟ್ಟಿ ಬಂದರೂ ಅವರಿಗೆಂದು ಒಂದು ಗೋಷ್ಠಿ ಇರುವುದಿಲ್ಲ. ಪಾವಟಿಗೆಯ ಅಗತ್ಯ ಅವರಿಗೆ ನಮಗಿಂತ ಕಡಿಮೆಯೇನಲ್ಲ. ನನ್ನನ್ನು ಕೇಳಿದರೆ ನೂರೈವತ್ತು ಜನರ, ಒಂದೇ ಸಭಾಂಗಣದ, ಚಹಾಕ್ಕೆ ಮುಕ್ಕಾಲು ತಾಸು ಬಿಡುವಿರುವ ಸಮ್ಮೇಳನ ಸಾಕು.

ಬೆಳಗಾವಿಯಿಂದ ಬಂದ ಮರುದಿನ ಸೋಮವಾರ ಬೆಳಿಗ್ಗೆ ಸಿಂದಗಿಯ ತಾಯಿ ಮಗನೊಂದಿಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಮಗ ಇಟ್ಟಂಗಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ, ಮೂರು ವರ್ಷದಿಂದ ಲಿಥಿಯಂ ಮೇಲಿದ್ದಾನೆ. ಎರಡೂ ಕೈ ಮುಂದೆ ಚಾಚಲು ಹೇಳಿ ಬೆರಳುಗಳನ್ನು ನೋಡಿದೆ, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯಲು ಹೇಳಿದೆ, ಮೈನೋವಿಗೆ ಸೂಜಿ ಮಾಡಿಸಿಕೊಳ್ಳುತ್ತಾನೆಯೇ ಎಂದು ಕೇಳಿದೆ. ‘ವಾರಕ್ಕೊಂದು ಸಲ ಮಾಡಸ್ತಾನ್ರಿ, ಅದೇನ ಔಷಧ ಅಲ್ಲಲಾ’ ಎಂದರು ತಾಯಿ. ರಕ್ತ ಪರೀಕ್ಷೆಗೆ ಬರೆದುಕೊಟ್ಟೆ, ಸೂಜಿ ಬೇಡವೆಂದು ಮಗನಿಗೆ ಎರಡು ಸಲ ಹೇಳಿಸಿ ಕೇಳಿದೆ. ಹೊರಡುವ ಮುಂಚೆ ಅವರು ಸೆರಗು ಸರಿಮಾಡಿಕೊಳ್ಳುತ್ತ, ‘ಸಾಲ್ಯಾಗ ಏನ ಕಲಿಸಿದ್ರರೀ ಬಾಯಾರ?’ ಎಂದು ಕೇಳಿದರು. ಹೇಳಬಹುದಾದದ್ದು ಒಂದೇ ಇತ್ತು. ‘ಬಿಸಲಾಗ ದುಡಿಯುವಾಗ ನೀರು ಭಾಳ ಕುಡೀಬೇಕು ಅಂತ ಕಲಿಸಿದ್ರು’ ಎಂದೆ.

ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ‘ಇಷ್ಟಕ್ಕ ಬೆಳಗಾವಿತನಾ ಹೋಗಿದ್ರೇನ್ರೀ? ನನ್ನ ಕೇಳಿದ್ರ ನಾನ ಹೇಳತಿದ್ದೆ.’